ಹದಿನೆಂಟು ಡಬ್ಬಿಗಳೂ ಒಂದು ಟ್ರಂಕೂ

ನಮ್ಮ ಮನೆಯಲ್ಲಿ ಯಾವುದಾದರೂ ಪೆಟ್ಟಿಗೆಯನ್ನು ತುಂಬುವ ಪ್ರಸಂಗ ಬಂದರೆ ಮೊದಲು ನನ್ನನ್ನು ತರಕಾರಿ ತರಲು ಕಳಿಸುತ್ತಾರೆ. ತರಕಾರಿ ಮನೆಯಲ್ಲಿ ಇದ್ದರೂ ಕಳಿಸುತ್ತಾರೆ. ಕಾರಣ ಇಷ್ಟೆ: ತೆರೆದ ಪೆಟ್ಟಿಗೆಯೊಂದು ಕಣ್ಣೆದುರು ಇದ್ದರೆ ಅದರ ಉದ್ದ, ಅಗಲ, ಎತ್ತರಗಳನ್ನು ಗುಣಿಸದೆ ಇರಲು ನನ್ನಿಂದ ಆಗುವುದಿಲ್ಲ. ಗುಣಿಸಿ ಬಂದ ಘನಫಲವನ್ನು ಒಳಗೆ ಹೋಗಬೇಕಾದ ವಸ್ತುಗಳ ಘನಫಲದಿಂದ ಭಾಗಿಸದೆ ಇರಲೂ ಆಗುವುದಿಲ್ಲ. ಭಾಗಾಕಾರ ಮುಗಿಯುವ ಹೊತ್ತಿಗೆ ಬಸ್ಸು ಹೋಗಿರುತ್ತದೆ. ಮೊನ್ನೆ ನನ್ನ ಹೆಂಡತಿ ಉಪ್ಪಿನಕಾಯಿಯ ಭರಣಿಗಳನ್ನು ರಟ್ಟಿನ ಪೆಟ್ಟಿಗೆಯೊಂದರಲ್ಲಿ ಜೋಡಿಸುತ್ತಿದ್ದಾಗ ನಾನು ಸುಮ್ಮನೆ ಗಂಟಲು ಸರಿಮಾಡಿಕೊಂಡೆ. ಅಷ್ಟೇ ಮಾಡಿದ್ದು. ಅವಳು ತಲೆ ಎತ್ತದೆಯೇ, "ಒಂದೀಟು ಕೊತ್ತಂಬರಿ ತಂದುಬಿಡ್ರಿ" ಎಂದಳು. ಕೊತ್ತಂಬರಿಯ ಸಿವುಡು ಹಿಡಿದುಕೊಂಡು ಪೇಟೆಯ ನಡುವೆ ನಿಂತಾಗ, ನನಗೆ ಈ ಚಟ ಅಂಟಿದ ಕಾಲವೂ ನಮ್ಮ ಅಜ್ಜಿಯೂ ಒಟ್ಟಿಗೆ ನೆನಪಾದರು.

ಅದು ಎಪ್ಪತ್ತರ ದಶಕದ ಕೊನೆಯ ಭಾಗ. ನಾನು ಆಗತಾನೆ ಬಿ.ಎಸ್ಸಿ. ಮುಗಿಸಿ ಕೊಟ್ಟೂರಿನ ನಮ್ಮ ಮನೆಗೆ ಮರಳಿದ್ದೆ. ನಮ್ಮ ಮನೆತನದಲ್ಲಿ ಪದವಿ ಪಡೆದವನು ನಾನೇ ಮೊದಲಿಗ. ಹೀಗಾಗಿ ಪದವೀಧರನು ಮನೆಯಲ್ಲಿ ಹೇಗೆ ಕುಳಿತುಕೊಳ್ಳಬೇಕು, ಹೇಗೆ ಕೆಮ್ಮಬೇಕು ಎಂಬುದನ್ನು ತೋರಿಸಿಕೊಡುವವರು ಯಾರೂ ಇರಲಿಲ್ಲ. ಪದವಿಯು ಹೊಸ ಚಪ್ಪಲಿಯ ಹಾಗೆ ಕಚ್ಚುತ್ತಿತ್ತು. ಎಲ್ಲಿಯಾದರೂ ಅಶುದ್ಧವಾಗಿ ಮಾತನಾಡಿಬಿಟ್ಟರೆ ವಿಶ್ವವಿದ್ಯಾನಿಲಯದವರು ಬಂದು ಅದನ್ನು ಹಿಂದಕ್ಕೆ ಕೇಳಿಯಾರು ಎಂಬ ಭಯವೂ ಇತ್ತು. ಆದ್ದರಿಂದ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಅಜ್ಜೀ, ದಯಮಾಡಿ ಕುಡಿಯಲು ನೀರನ್ನು ಕೊಡುವೆಯಾ?" ಎಂದು ಕೇಳುತ್ತಿದ್ದೆ. ಅಜ್ಜಿ ನನ್ನ ಕಡೆಗೆ ನೋಡದೆ ಅವ್ವನಿಗೆ, "ಯಾರೋ ಆಫೀಸರ್ ಬಂದಾನ ನೋಡವ್ವಾ, ಚಾ ಇಡು" ಎನ್ನುತ್ತಿದ್ದಳು. ಅಪ್ಪನಂತೂ, "ಏನಿಲ್ಲ ಬಿಡು, ರೇಡಿಯೋ ಹಚ್ಚಿದಂಗಾತು" ಎಂದು ನಕ್ಕು ಅಂಗಡಿಗೆ ಹೋಗುತ್ತಿದ್ದ.

ಅಪ್ಪ ಕೊಟ್ಟೂರಿನ ಒಂದು ಕಿರಾಣಿ ಅಂಗಡಿಯಲ್ಲಿ ತಕ್ಕಡಿ ಹಿಡಿಯುವ ಕೆಲಸದಲ್ಲಿದ್ದ. ಆ ಕೆಲಸದಿಂದ ನಮ್ಮ ಮನೆಗೆ ಬಂದ ದೊಡ್ಡ ಸಂಪತ್ತೆಂದರೆ ಚಹಾಪುಡಿಯ ಖಾಲಿ ಡಬ್ಬಿಗಳು. ಚೌಕಾಕಾರದ ತಳ, ಗಿಡ್ಡ ಕತ್ತು, ಮೇಲೆ ಒತ್ತಿ ಕೂರಿಸುವ ಮುಚ್ಚಳ. ನಾನು ಬೆಳೆದದ್ದೇ ಆ ಡಬ್ಬಿಗಳ ನಡುವೆ. ಉಪ್ಪು, ಸೂಜಿದಾರ, ಬೆಲ್ಲ, ನನ್ನ ಗೋಲಿಗಳು, ಅಜ್ಜಿಯ ಎಲೆ ಅಡಿಕೆ, ಎಲ್ಲವೂ ಚಹಾ ಡಬ್ಬಿಯಲ್ಲೇ ಇರುತ್ತಿದ್ದವು. ಎಂಟು ವರ್ಷದವನಾಗುವವರೆಗೂ ಉಪ್ಪಿಗೆ ಹುಟ್ಟಿನಿಂದಲೇ ಚಹಾದ ವಾಸನೆ ಇರುತ್ತದೆ ಎಂದು ನಂಬಿದ್ದೆ. ಕೂಡ್ಲಿಗಿಯ ಸೋದರಮಾವನ ಮನೆಯಲ್ಲಿ ವಾಸನೆಯಿಲ್ಲದ ಉಪ್ಪನ್ನು ಮೊದಲ ಬಾರಿ ಕಂಡಾಗ, ಇವರಿಗೆ ಯಾರೋ ಕಲಬೆರಕೆ ಮಾಲು ಕೊಟ್ಟಿದ್ದಾರೆಂದು ಮರುಗಿದ್ದುಂಟು.

ಘನಫಲದ ಹುಚ್ಚು ಹತ್ತಿದ್ದು ಹೈಸ್ಕೂಲಿನಲ್ಲಿ. ಇಷ್ಟು ಉದ್ದದ ಗುಂಡಿಯಲ್ಲಿ ಎಷ್ಟು ಇಟ್ಟಿಗೆ ಹಿಡಿಸುತ್ತವೆ, ಇಷ್ಟು ಆಳದ ತೊಟ್ಟಿಯಲ್ಲಿ ಎಷ್ಟು ಕೊಡ ನೀರು ನಿಲ್ಲುತ್ತದೆ ಎಂಬ ಲೆಕ್ಕಗಳು ನನಗೆ ಬೆಲ್ಲದಂತೆ ರುಚಿಸಿದವು. ಅನಂತರ ಹರಪನಹಳ್ಳಿಯ ಹಾಸ್ಟೆಲಿನಲ್ಲಿದ್ದಾಗ ರಜೆಗೆ ಊರಿಗೆ ಬರುವ ದಾರಿಯಲ್ಲಿ ಬಸ್ಸನ್ನೇ ಅಳೆಯತೊಡಗಿದೆ. ಬಸ್ಸೂ ಒಂದು ಪೆಟ್ಟಿಗೆಯಷ್ಟೆ. ಮೊಳದಿಂದ ಅದರ ಒಳಗನ್ನು ಅಳೆದು, ಒಬ್ಬ ಮನುಷ್ಯನ ಗಾತ್ರವನ್ನು ಅಂದಾಜು ಮಾಡಿ, ಇದರಲ್ಲಿ ಗರಿಷ್ಠ ಎಷ್ಟು ಜನ ಹಿಡಿಸಬಲ್ಲರು ಎಂದು ಶುದ್ಧವಾಗಿ ಲೆಕ್ಕ ಹಾಕಿದ್ದೆ. ಹಗರಿಬೊಮ್ಮನಹಳ್ಳಿಯ ಸಂತೆಯ ದಿನ ಕಂಡಕ್ಟರು ಆ ಗರಿಷ್ಠವನ್ನು ದಾಟಿ ಎಷ್ಟೋ ಹೊತ್ತಾದ ಮೇಲೂ, "ಒಳಗ ಸರೀರಿ, ಇನ್ನೂ ಜಾಗ ಐತಿ" ಎಂದು ಕೂಗುತ್ತಿದ್ದ. ಬುಟ್ಟಿಯ ಕೋಳಿಗಳನ್ನು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಆದರೂ ನನ್ನ ವಿಶ್ವಾಸ ಕುಂದಲಿಲ್ಲ. ತಪ್ಪು ಬಸ್ಸಿನದು ಎಂದುಕೊಂಡೆ.

ಹೀಗಿರುವಾಗ ಅಕ್ಕನ ಕುಬುಸ ಬಂತು. ನಮ್ಮ ಕಡೆ ಬಸುರಿ ಮಗಳಿಗೆ ಏಳನೆಯ ತಿಂಗಳಲ್ಲಿ ತವರಿನವರು ಅವಳ ಗಂಡನ ಮನೆಗೆ ಹೋಗಿ, ಹಸಿರು ಸೀರೆ ಉಡಿಸಿ, ಉಡಿ ತುಂಬಿ, ಕೊಂಡೊಯ್ದ ಬುತ್ತಿಯನ್ನು ಆ ಊರಿನ ಬಂಧುಗಳ ಮನೆಮನೆಗೂ ಹಂಚುತ್ತಾರೆ. ಹಂಚುವುದಕ್ಕೆ 'ಬುತ್ತಿ ಬೀರುವುದು' ಎಂಬ ಮಾತಿದೆ. ಅಕ್ಕ ಗಂಗಮ್ಮನನ್ನು ಕೊಟ್ಟದ್ದು ಹಡಗಲಿ ತಾಲ್ಲೂಕಿನ ಇಟ್ಟಿಗಿಗೆ. ಮೈಲಾರಕ್ಕೆ ಹೋಗಿದ್ದ ನೆರೆಮನೆಯ ಶಿವಮ್ಮ ಬರುವಾಗ ಇಟ್ಟಿಗಿಯಲ್ಲಿ ಇಳಿದು ಅಕ್ಕನನ್ನು ಕಂಡು, ಅವಳು ಹೇಳಿದ ಮಾತನ್ನು ಹಾಗೆಯೇ ಹೊತ್ತು ತಂದಳು.

"ಗಂಗಮ್ಮ ಹೇಳ್ಯಾಳ್ರಿ. ಅವರ ಓಣ್ಯಾಗ ಬಂಧುಗಳ ಮನಿ ಹದಿನೆಂಟು ಅದಾವಂತ. ಮದುವಿ ಬುತ್ತಿ ಬೀರೂ ಮುಂದ ಒಂದು ಮನಿ ಬಿಟ್ಟು ಹೋಗಿತ್ತಲ್ಲ, ಅದನ್ನ ಆಕಿ ಅತ್ತಿ ಇವತ್ತಿಗೂ ಆಡಿಕೊಳ್ತಾಳಂತ. ಈ ಸಲ ಒಂದು ಮನೀನೂ ತಪ್ಪಬಾರದು, ಒಬ್ಬರಿಗೆ ಹೆಚ್ಚು ಒಬ್ಬರಿಗೆ ಕಡಿಮಿ ಆಗಬಾರದು ಅಂದ್ಲು."

ಅವ್ವ, "ಆಕಿ ಹೆಂಗ ಅದಾಳ?" ಎಂದು ಕೇಳಿದಳು.

ಶಿವಮ್ಮ, "ಹೆಂಗ ಇರತಾಳವ್ವಾ? ಹೊಟ್ಟಿ ಮುಂದ ಬಂದೈತಿ, ಆದ್ರೂ ತಲಿ ಮ್ಯಾಲೊಂದು ಬಗಲಾಗೊಂದು ಕೊಡ ಹೊತ್ತು ಬಾವಿಯಿಂದ ಬರತಾಳ. ಬೀಸೂದೂ ಆಕಿನೇ, ಕುಟ್ಟೂದೂ ಆಕಿನೇ. ನಾ ಹೋದಾಗ ಕಣ್ಣಾಗ ನೀರು ತಂದ್ಲು, ಹೇಳಬ್ಯಾಡ ಅಂದ್ಲು. ನಾ ಹೇಳಿಬಿಟ್ಟೆ ನೋಡು" ಎಂದಳು.

ಅವ್ವ ಸೆರಗನ್ನು ಬಾಯಿಗೆ ಹಿಡಿದಳು. "ಈಗಲೇ ಕರಕೊಂಡು ಬಂದುಬಿಡೂಣು" ಎಂದಳು. ಆದರೆ ಒಂಬತ್ತು ತಿಂಗಳಲ್ಲಿ ಬಿದ್ದ ಮೇಲೆಯೇ ಸೊಸೆಯನ್ನು ಹೆರಿಗೆಗೆ ಕಳಿಸುವುದು ಆ ಮನೆಯ ಪದ್ಧತಿಯಾಗಿತ್ತು. "ಹಂಗಾದ್ರ ಬೀಗತಿಗೆ ಒಂದು ಮಾತು ಹೇಳೂಣು" ಎಂದಳು. ಬೀಗರಿಗೆ ಹೆಣ್ಣಿನ ಕಡೆಯವರು ಮಾತು ಹೇಳುವುದೆಂದರೆ ಏನೆಂದು ನಿಮಗೆ ಗೊತ್ತು. ಹೇಳಿದ ಮಾತು ಅಲ್ಲೇ ಉಳಿಯುತ್ತದೆ, ಅನುಭವಿಸುವವಳು ಮಗಳು. ಅಜ್ಜಿ ಶೇಂಗಾದ ಸಿಪ್ಪೆ ಬಿಡಿಸುತ್ತ ಕುಳಿತಿದ್ದಳು, ಬಿಡಿಸುತ್ತಲೇ ಇದ್ದಳು.

ಡಬ್ಬಿಯ ಆಲೋಚನೆ ಅಪ್ಪನದು. ಬುಟ್ಟಿಯಲ್ಲಿ ಒಯ್ದು ಕೈಯಳತೆಯಲ್ಲಿ ಹಂಚಿದರೆ ತಾನೆ ಹೆಚ್ಚು ಕಡಿಮೆಯ ಮಾತು? ಒಂದೇ ಅಳತೆಯ ಹದಿನೆಂಟು ಚಹಾ ಡಬ್ಬಿಗಳಲ್ಲಿ ಕರ್ಚಿಕಾಯಿ, ಚಕ್ಕುಲಿ, ಎಳ್ಳಿನ ಉಂಡೆಗಳನ್ನು ಸಮನಾಗಿ ತುಂಬಿ ಮನೆಗೊಂದು ಡಬ್ಬಿ ಕೊಟ್ಟರಾಯಿತು, ಡಬ್ಬಿಯೂ ಅವರಿಗೇ ಉಳಿಯುತ್ತದೆ. ಇಟ್ಟಿಗಿಯಲ್ಲಿ ಅಲ್ಲಿಯತನಕ ಯಾರೂ ಇಂಥ ಕುಬುಸ ಕಂಡಿರಲಾರರು. ಎಲ್ಲರೂ ಒಪ್ಪಿದರು. ಅಜ್ಜಿಯೂ ಒಪ್ಪಿದಳು, ಆದರೆ ಒಂದು ಕಟ್ಟಳೆ ಹಾಕಿದಳು.

"ಒಬ್ಬಾಕಿ ಬಸುರಿಗೆ ಬುತ್ತಿ ಒಂದೇ ಹೊರಿ ಇರಬೇಕು. ಎರಡು ಹೊರಿ ಮಾಡಿದ್ರ ಅವಳಿ ಜವಳಿ ಆಕ್ಕಾವ. ಉಡಿ ಸಾಮಾನಿಗೆ ಬ್ಯಾರೆ ಚೀಲ ಇರಲಿ, ಅದಕ್ಕ ಅಡ್ಡಿ ಇಲ್ಲ."

ಒಂದೇ ಹೊರೆಯಾಗಬಲ್ಲ ವಸ್ತು ಮನೆಯಲ್ಲಿ ಇದ್ದದ್ದು ಹಾಸ್ಟೆಲಿನಿಂದ ನನ್ನೊಡನೆ ಬಂದಿದ್ದ ಟ್ರಂಕು. ಹದಿನೆಂಟು ಡಬ್ಬಿಗಳು ಅದರಲ್ಲಿ ಹಿಡಿಸುತ್ತವೆಯೆ? ಎಲ್ಲರೂ ನನ್ನ ಮುಖವನ್ನು ನೋಡಿದರು. ಪದವಿ ಬಂದಂದಿನಿಂದ ಅದರಿಂದ ಏನು ಉಪಯೋಗ ಎಂದು ಬಾಯಿಬಿಟ್ಟು ಕೇಳದೆ ಕಾಯುತ್ತಿದ್ದವರು ಅವರು. ನಾನು ಪಕ್ಕದ ದರ್ಜಿಯಿಂದ ಟೇಪು ತಂದೆ. ಟ್ರಂಕಿನ ಒಳಗಿನ ಉದ್ದ ಇಪ್ಪತ್ತನಾಲ್ಕು ಇಂಚು, ಅಗಲ ಹದಿನೈದು, ಎತ್ತರ ಹತ್ತು. ಗುಣಿಸಿದರೆ ಮೂರು ಸಾವಿರದ ಆರುನೂರು. ಡಬ್ಬಿಯ ತಳ ಐದೈದು ಇಂಚಿನ ಚೌಕ, ಎತ್ತರ ಎಂಟು. ಗುಣಿಸಿದರೆ ಇನ್ನೂರು. ಮೂರು ಸಾವಿರದ ಆರುನೂರನ್ನು ಇನ್ನೂರರಿಂದ ಭಾಗಿಸಿದೆ. ಹದಿನೆಂಟು! ಶೇಷ ಸೊನ್ನೆ! ಪರೀಕ್ಷೆ ಬರೆದವರಿಗೆಲ್ಲ ಗೊತ್ತಿದೆ, ಶೇಷ ಉಳಿಯದ ಉತ್ತರ ಸರಿಯೇ ಇರುತ್ತದೆ.

"ಈ ಟ್ರಂಕಿನ ಘನಫಲವು ಹದಿನೆಂಟು ಡಬ್ಬಿಗಳ ಘನಫಲಕ್ಕೆ ಸರಿಸಮನಾಗಿದೆ" ಎಂದು ಘೋಷಿಸಿದೆ.

"ಅಂದ್ರ?" ಎಂದ ಅಪ್ಪ.

"ಹಿಡಿಸುತ್ತವೆ."

ಅಪ್ಪ ಅಂದು ಅಂಗಡಿಯಲ್ಲಿ ಬೆಲ್ಲ ತೂಗುತ್ತ, ಮೆಣಸಿನಕಾಯಿ ತೂಗುತ್ತ ಬಂದ ಗಿರಾಕಿಗೆಲ್ಲ ಹೇಳಿದನಂತೆ: "ನಮ್ಮ ಹುಡುಗ ಹದಿನೆಂಟು ಡಬ್ಬಿ ಒಂದು ಟ್ರಂಕಿನ್ಯಾಗ ಕುಂದರಿಸ್ಯಾನ. ಇನ್ನೂ ಮುಟ್ಟೇ ಇಲ್ಲ, ಬರೇ ಕಾಗದದ ಮ್ಯಾಲೆ!"

ಹೊರಡುವ ಹಿಂದಿನ ದಿನ ಸಂಜೆ ತುಂಬಿದ ಡಬ್ಬಿಗಳು ಪಡಸಾಲೆಯಲ್ಲಿ ಸಾಲಾಗಿ ನಿಂತವು. ನೋಡಲು ಓಣಿಯವರೂ ಬಂದರು. ನಾನು ಅಂಗಿಯ ತೋಳು ಮಡಚಿ ಟ್ರಂಕಿನಲ್ಲಿ ಡಬ್ಬಿಗಳನ್ನು ನಿಲ್ಲಿಸತೊಡಗಿದೆ. ಉದ್ದಕ್ಕೆ ನಾಲ್ಕು, ಅಗಲಕ್ಕೆ ಮೂರು. ಹನ್ನೆರಡು ಡಬ್ಬಿ ನಿಂತವು. ಟ್ರಂಕು ತುಂಬಿತು. ಆರು ಡಬ್ಬಿಗಳು ಹೊರಗೆ ಉಳಿದು ನನ್ನನ್ನೇ ನೋಡುತ್ತಿದ್ದವು. ನಿಂತ ಡಬ್ಬಿಗಳ ನೆತ್ತಿಯ ಮೇಲೆ ಎರಡು ಇಂಚು ಬಯಲು, ಒಂದು ತುದಿಯಲ್ಲಿ ನಾಲ್ಕು ಇಂಚು ಬಯಲು. ಘನಫಲ ಎಲ್ಲಿಯೂ ಹೋಗಿರಲಿಲ್ಲ, ಅಲ್ಲಿಯೇ ಇತ್ತು. ಆದರೆ ಅದರಲ್ಲಿ ಒಂದು ಡಬ್ಬಿಯನ್ನೂ ಇಡುವಂತಿರಲಿಲ್ಲ.

"ಹೂಂ, ಕುಂದರಸಪ್ಪಾ" ಎಂದ ಅಪ್ಪ. ಓಣಿಯವರ ಎದುರಿಗೆ ಅವನ ದನಿ ಸಣ್ಣದಾಗಿತ್ತು.

ಆದರೂ ಪದವಿ ಕೈಬಿಡಲಿಲ್ಲ. ಕೂಡಲೇ ಹೊಳೆಯಿತು: ಡಬ್ಬಿಗಳನ್ನು ನಿಲ್ಲಿಸುವ ಬದಲು ಮಲಗಿಸಿದರೆ? ಎಂಟು ಇಂಚಿನ ಎತ್ತರ ಟ್ರಂಕಿನ ಉದ್ದಕ್ಕೆ ಮೂರು ಸಲ ಕೂಡುತ್ತದೆ, ಒಂದರ ಮೇಲೊಂದು ಎರಡು ಪದರ ಬರುತ್ತದೆ, ಪದರಕ್ಕೆ ಒಂಬತ್ತು! ಎಲ್ಲವನ್ನೂ ಹೊರಗೆ ತೆಗೆದು ಮೊದಲ ಡಬ್ಬಿಯನ್ನು ಅಡ್ಡಲಾಗಿ ಮಲಗಿಸಿದೆ.

"ಏಯ್! ಎತ್ತಲೇ ಅದನ್ನ!" ಎಂದು ಅಜ್ಜಿ ಕೂಗಿದ ರಭಸಕ್ಕೆ ಓಣಿಯವರು ಒಂದು ಹೆಜ್ಜೆ ಹಿಂದೆ ಸರಿದರು. "ಬಸುರಿ ಬುತ್ತಿ ಅಡ್ಡ ಮಲಗಸ್ತಾರೇನೋ? ಕೂಸು ಅಡ್ಡ ಬರತೈತಿ!"

ನಾನು ಎದ್ದು ನಿಂತು, ಸಾಧ್ಯವಾದಷ್ಟು ವಿನಯದಿಂದ, "ಅಜ್ಜೀ, ಡಬ್ಬಿಯ ಭಂಗಿಗೂ ಗರ್ಭದಲ್ಲಿರುವ ಶಿಶುವಿನ ಭಂಗಿಗೂ ಯಾವುದೇ ಸಂಬಂಧ ಇರುವುದಿಲ್ಲ" ಎಂದೆ.

"ನೀ ಎಷ್ಟು ಹಡದೀಯೋ?"

ಈ ಪ್ರಶ್ನೆಗೆ ನನ್ನ ಪಠ್ಯಕ್ರಮದಲ್ಲಿ ಉತ್ತರ ಇರಲಿಲ್ಲ. "ಒಂದೂ ಇಲ್ಲ" ಎಂದೆ.

"ನಾ ಏಳು ಹಡದೀನಿ. ಸುಮ್ಮನೆ ನೆಟ್ಟಗ ಇಡು."

ನೋಡಿ, ಎಂಥ ಸಂಕಟ! ಡಬ್ಬಿಗಳನ್ನು ಮಲಗಿಸಿದರೆ ಕೂಸು ಅಡ್ಡ. ಎರಡನೆಯ ಹೊರೆ ಕಟ್ಟಿದರೆ ಅವಳಿ ಜವಳಿ. ನಿಲ್ಲಿಸಿದರೆ ಆರು ಮನೆಗೆ ಬುತ್ತಿಯಿಲ್ಲ. ಯೂಕ್ಲಿಡನ ಯಾವ ಪ್ರಮೇಯವೂ ನನ್ನನ್ನು ಹೀಗೆ ಮೂಲೆಗೆ ತಳ್ಳಿರಲಿಲ್ಲ. ಅಪ್ಪ ಮೆಲ್ಲಗೆ, "ಆರು ಮನಿಗೆ ಎಲಿಯಾಗ ಕಟ್ಟಿ ಕೊಟ್ರ ನಡಿಯಂಗಿಲ್ಲೇನು?" ಎಂದ. ಅವ್ವ ಒಲೆಯ ಮುಂದಿನಿಂದಲೇ ಅಂದಳು: "ಒಂದು ಮನಿ ಬಿಟ್ಟಿದ್ದಕ್ಕ ಆಕಿ ಇಷ್ಟು ದಿನ ಅನ್ನಿಸ್ಕೊಂಡಾಳ. ಆರು ಮನಿ ಆದ್ರ ಆಕಿನ್ನ ಬಾಳಸ್ತಾರೇನು?" ಓಣಿಯವರು ಒಬ್ಬೊಬ್ಬರಾಗಿ ಕೆಲಸ ನೆನಪು ಮಾಡಿಕೊಂಡು ಹೋದರು.

ನಾನು ಖಾಲಿ ಟ್ರಂಕಿನ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತೆ. ಎಷ್ಟೋ ಹೊತ್ತು ಕುಳಿತ ಮೇಲೆ, ಕಟ್ಟಳೆಗಳನ್ನು ಪರೀಕ್ಷೆಯ ಪ್ರಶ್ನೆಯಂತೆ ಮತ್ತೊಮ್ಮೆ ಓದಿಕೊಂಡೆ. ಅನಂತರ ವಕೀಲರಂತೆ ಎದ್ದು ಅಜ್ಜಿಯ ಬಳಿಗೆ ಹೋದೆ.

"ಅಜ್ಜೀ, ಡಬ್ಬಿಯು ನೆಟ್ಟಗೆ ಇರಬೇಕು. ಅಷ್ಟೇ ಅಲ್ಲವೆ?"

"ಅಷ್ಟಽ."

"ಟ್ರಂಕು?"

ಅಜ್ಜಿ ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿದಳು. "ಪೆಟ್ಟಿಗಿ ಸುದ್ದಿ ಯಾರೂ ಏನೂ ಹೇಳಿಲ್ಲಪ್ಪ" ಎಂದಳು.

ನಾನು ಟ್ರಂಕನ್ನು ಎತ್ತಿ ಅದರ ತುದಿಯ ಮೇಲೆ ನಿಲ್ಲಿಸಿದೆ. ಮುಚ್ಚಳ ಈಗ ಬಾಗಿಲಿನ ಹಾಗೆ ಪಕ್ಕಕ್ಕೆ ತೆರೆಯಿತು. ಟ್ರಂಕು ಅಲಮಾರಿಯಾಯಿತು. ಕೆಳಗೆ ಆರು ಡಬ್ಬಿ ನೆಟ್ಟಗೆ ನಿಲ್ಲಿಸಿದೆ, ಅವುಗಳ ಮೇಲೆ ಆರು, ಅದರ ಮೇಲೆ ಆರು. ಕೊನೆಯ ಡಬ್ಬಿ ಒಳಗೆ ಹೋಗುವಾಗ ಒಂದು ಸಣ್ಣ ನಿಟ್ಟುಸಿರು ಕೇಳಿಸಿತು, ಡಬ್ಬಿಯದೋ ನನ್ನದೋ ತಿಳಿಯದು. ಬಾಗಿಲು ಮುಚ್ಚಿ ಚಿಲಕ ಹಾಕಿದೆ. ಹದಿನೆಂಟು ಡಬ್ಬಿ, ಒಂದು ಟ್ರಂಕು, ಶೇಷ ಸೊನ್ನೆ.

ಅಪ್ಪ ಅಂಗಡಿಯ ಕಡೆಗೆ ಹೊರಟುಬಿಟ್ಟ. ಅಂಗಡಿ ಆಗ ಮುಚ್ಚಿತ್ತು. ಆದರೂ ಹೋದ.

ಅಜ್ಜಿ ಮಾತ್ರ ಬಂದು, ನಿಂತ ಟ್ರಂಕಿನ ನೆತ್ತಿಯ ಮೇಲೆ ಕೈಯಿಟ್ಟಳು. "ಇಟ್ಟಿಗಿ ಮುಟ್ಟೂ ತನಕ ಹಿಂಗಽ ಇರತೈತೇನು?" ಎಂದಳು.

"ಇರುತ್ತದೆ."

"ಗೊತ್ತಿಲ್ಲದಾವ್ರು ಯಾರಾದ್ರೂ ನೋಡಿದ್ರ, ಪೆಟ್ಟಿಗಿ ತಪ್ಪಿ ಇಟ್ಟಾರ ಅನ್ನಸತೈತಿ, ಹೌದಿಲ್ಲೋ?"

"ಅನ್ನಿಸುವ ಸಾಧ್ಯತೆ ಇದೆ."

"ಹೂಂ" ಎಂದು ಅಜ್ಜಿ ಎಲೆ ಬಾಯಿಗೆ ಹಾಕಿಕೊಂಡಳು. ಬಹಳ ದಿನಗಳ ಮೇಲೆ ಅವಳು ನಕ್ಕದ್ದನ್ನು ಕಂಡೆ. ನನ್ನ ರೇಖಾಗಣಿತಕ್ಕೆ ಮೆಚ್ಚಿ ನಗುತ್ತಿದ್ದಾಳೆಂದು ಭಾವಿಸಿ ನಾನೂ ನಕ್ಕೆ.

ಮರುದಿನ ಬಸ್‌ಸ್ಟ್ಯಾಂಡಿನಲ್ಲಿ ಹೊಸ ಸಮಸ್ಯೆ. ಬಸ್ಸಿನ ಟಾಪಿನ ಮೇಲೆ ಟ್ರಂಕು ನಿಲ್ಲುವುದಿಲ್ಲ, ಮಲಗುತ್ತದೆ. ನಿಲ್ಲಿಸಿ ಹಗ್ಗ ಬಿಗಿದರೆ ಮೊದಲ ತಿರುವಿನಲ್ಲೇ ಕೆಳಗೆ ಬರುತ್ತದೆ ಎಂದು ಮೇಲಿದ್ದವನು ಖಂಡಿತವಾಗಿ ಹೇಳಿದ. ಆದ್ದರಿಂದ ಅದನ್ನು ಒಳಗೆ ತಂದು ಕಿಟಕಿಯ ಪಕ್ಕದ ಸೀಟಿನ ಮೇಲೆ ನಿಲ್ಲಿಸಿದೆವು. ಧೂಳು ಬೀಳಬಾರದೆಂದು ಅಜ್ಜಿ ಕುಬುಸದ ಹಸಿರು ಸೀರೆಯನ್ನು ಅದಕ್ಕೆ ಸುತ್ತಿ, ಪಕ್ಕದಲ್ಲಿ ತಾನು ಕುಳಿತಳು. ಅವ್ವ ಉಡಿಯ ಚೀಲದೊಂದಿಗೆ ಮುಂದಿನ ಸೀಟಿನಲ್ಲಿದ್ದಳು. ನಾನು ನಿಂತಿದ್ದೆ.

ಕಂಡಕ್ಟರು ಬಂದು ಸೀರೆಯ ಅಂಚನ್ನು ಸ್ವಲ್ಪ ಸರಿಸಿ ನೋಡಿದ. "ಅಜ್ಜಿ, ಇದಕ್ಕ ಟಿಕೇಟು?"

"ಲಗೇಜಿಗೆ ಎಂಥ ಟಿಕೇಟೋ ಯಪ್ಪಾ?"

"ಅಡ್ಡ ಮಲಗಿದ್ರ ಲಗೇಜು. ಸೀಟಿನ ಮ್ಯಾಲೆ ನೆಟ್ಟಗ ಕುಂತ್ರ ಪ್ಯಾಸೆಂಜರು."

ನಾನು ಮಧ್ಯೆ ಬಂದು, "ಮಹನೀಯರೇ, ಇದು ಅನಿವಾರ್ಯ ಕಾರಣಗಳಿಂದ ಲಂಬವಾಗಿ ಇರಿಸಲಾದ ಸಾಮಾನು" ಎಂದು ವಿವರಿಸಿದೆ. ಕಂಡಕ್ಟರು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ಅಜ್ಜಿಯ ಕಡೆಗೆ ತಿರುಗಿ, "ಇವ್ರು ಯಾರು?" ಎಂದ.

"ಮೊಮ್ಮಗ. ಓದ್ಯಾನ. ನೀ ಮನಸಿಗೆ ಹಚ್ಕೋಬ್ಯಾಡ" ಎಂದಳು ಅಜ್ಜಿ. ಆಮೇಲೆ ಸೀರೆಯನ್ನು ಸರಿಮಾಡುತ್ತ, "ನೋಡು ಇನ್ನೂ ಸಣ್ಣಾಕಿ ಅದಾಳ, ಅರ್ಧ ಟಿಕೇಟು ಕೊಡು" ಎಂದಳು. ಬಸ್ಸಿಗೆ ಬಸ್ಸೇ ನಕ್ಕಿತು. ಕಂಡಕ್ಟರು ಅರ್ಧ ಟಿಕೇಟನ್ನೇ ಹರಿದು ಕೊಟ್ಟ. ಇಟ್ಟಿಗಿ ಇನ್ನೂ ದೂರವಿರುವಾಗ ಹತ್ತಿದ ಮುದುಕನೊಬ್ಬ ಹಸಿರು ಸೀರೆಯನ್ನು ಕಂಡು, "ಮದುಮಗಳಿಗೆ ಸೆಕಿ ಆಕ್ಕೈತಿ, ಕಿಟಕಿ ತೆಗೀಲೇ ತಮ್ಮಾ" ಎಂದು ನನ್ನನ್ನೇ ಗದರಿದ. ನಾನು ಕಿಟಕಿ ತೆಗೆದೆ.

ಇಟ್ಟಿಗಿಯ ಆ ಮನೆಯ ಪಡಸಾಲೆಯಲ್ಲಿ ಟ್ರಂಕನ್ನು ನಿಲ್ಲಿಸಿ, ಸೀರೆಯನ್ನು ಬಿಚ್ಚಿ ಅವ್ವನ ಕೈಗೆ ಕೊಟ್ಟು, ನಾನು ಅದರ ಪಕ್ಕದಲ್ಲಿ ಕಾವಲುಗಾರನಂತೆ ನಿಂತೆ. ಅಕ್ಕ ಒಳಗಿನಿಂದ ಬಂದಳು. ಅಂಗೈಯಲ್ಲಿ ಹಗ್ಗದ ಬರೆಗಳಿದ್ದವು. ನಾವು ನೋಡಿದ್ದನ್ನು ನೋಡಿ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಅವಳ ಅತ್ತೆ, ಅಂದರೆ ನಮ್ಮ ಬೀಗತಿ, ಕೆಟ್ಟವರೇನಲ್ಲ. ತಾವೂ ದುಡಿಯುವವರು, ತಮ್ಮ ಸೊಂಟ ಗಟ್ಟಿಯಿದೆ ಎಂದ ಮಾತ್ರಕ್ಕೆ ಜಗತ್ತಿನ ಸೊಂಟಗಳೆಲ್ಲ ಗಟ್ಟಿ ಎಂದು ತಿಳಿದವರು. ಹದಿನೆಂಟು ಮನೆಗಳ ಹೆಂಗಸರೂ ಆಗಲೇ ಬಂದು ಕುಳಿತಿದ್ದರು.

ಅಜ್ಜಿ ಒಮ್ಮೆ ಸುತ್ತ ನೋಡಿ, "ತಮ್ಮಾ, ನೀರಡಿಕಿ ಆಗೈತಿ. ಬಾವಿಗೆ ಹೋಗಿ ಒಂದು ತಂಬಿಗಿ ತಾಜಾ ನೀರು ಸೇದಿಕೊಂಡು ಬಾ" ಎಂದಳು.

"ಟ್ರಂಕನ್ನು ಯಾರಾದರೂ..."

"ನಾ ಇಲ್ಲೇ ಇದೀನಿ. ಹೋಗು."

ನೀರು ತಂದು ಇನ್ನೇನು ಹೊಸ್ತಿಲು ದಾಟಬೇಕು, ಒಳಗೆ ಬೀಗತಿಯವರ ದನಿ ಕೇಳಿಸಿತು. "ಇದೇನ್ರಿ ಇದು, ಪೆಟ್ಟಿಗೀನ ತುದಿ ಮ್ಯಾಲೆ ನಿಂದ್ರಸ್ಯಾರ! ಬಿದ್ರ ಯಾರದರ ಕಾಲು ಹೋಗತೈತಿ." ಹಿಂದೆಯೇ 'ಧಡ್' ಎಂಬ ಶಬ್ದ. ನಾನು ಒಳಗೆ ಓಡಿದೆ. ಟ್ರಂಕು, ಟ್ರಂಕುಗಳೆಲ್ಲ ಮಲಗುವ ರೀತಿಯಲ್ಲಿ, ಅಚ್ಚುಕಟ್ಟಾಗಿ ಮಲಗಿತ್ತು. ಒಳಗೆ ಹದಿನೆಂಟು ಡಬ್ಬಿಗಳೂ ಅಡ್ಡ.

"ಅಯ್ಯಯ್ಯೋ ಬೀಗತೀ! ಏನು ಮಾಡಿದ್ರಿ!" ಎಂದು ಅಜ್ಜಿ ಹಣೆಗೆ ಕೈಯಿಟ್ಟು ಕುಸಿದಳು. "ಬಸುರಿ ಬುತ್ತಿ ಅಡ್ಡ ಕೆಡವಿದ್ರಲ್ರೀ! ಕೊಟ್ಟೂರಿನಿಂದ ನೆಟ್ಟಗ ತಂದಿದ್ವಿ, ಬಸ್ಸಿನ್ಯಾಗ ಟಿಕೇಟು ತೆಗೆಸಿ ಕುಂದರಿಸ್ಕೊಂಡು ತಂದಿದ್ವಿ! ಕೂಸು ಅಡ್ಡ ಬಂದ್ರ ಏನು ಮಾಡೂದ್ರಿ?"

ಬೀಗತಿಯವರ ಮುಖ ಬಿಳಿಚಿತು. ಇಟ್ಟಿಗಿಯಲ್ಲಿ ಇಂಥದೊಂದು ಶಾಸ್ತ್ರ ಅದುವರೆಗೆ ಇತ್ತೋ ಇಲ್ಲವೋ ನನಗೆ ತಿಳಿಯದು. ಆದರೆ ಹಿಂದಿನ ಸಾಲಿನಲ್ಲಿದ್ದ ಮುದುಕಿಯೊಬ್ಬಳು ಕೂಡಲೇ, "ಹೌದವ್ವಾ, ನಮ್ಮ ಕಡೀನೂ ಹಂಗಽ ಅಂತಾರ" ಎಂದಳು. ಇನ್ನೊಬ್ಬಳು, ಅಡ್ಡ ಬಿದ್ದ ಬುತ್ತಿಯಿಂದ ತನ್ನ ನಾದಿನಿಗೆ ಏನೇನಾಯಿತು ಎಂದು ಹೇಳತೊಡಗಿದಳು. ಬುತ್ತಿ ಬೀರುವ ಮುಂಚೆಯೇ ಆ ಶಾಸ್ತ್ರ ನನ್ನ ಕಣ್ಣೆದುರಿಗೇ ಹುಟ್ಟಿ, ಬೆಳೆದು, ಮುತ್ತಾತನ ಕಾಲದ್ದಾಗಿ ಹೋಯಿತು. ನಾನು ಪದವೀಧರ, ಇದನ್ನೆಲ್ಲ ನಂಬುವಂತಿರಲಿಲ್ಲ. ಆದರೂ ತಂಬಿಗೆಯ ನೀರು ಅರ್ಧ ನನ್ನ ಪ್ಯಾಂಟಿನ ಮೇಲೆ ಚೆಲ್ಲಿತ್ತು.

"ಇದಕ್ಕ ಏನರ ದಾರಿ ಐತೇನ್ರಿ?" ಎಂದು ಬೀಗತಿ ಅಜ್ಜಿಯ ಪಕ್ಕದಲ್ಲಿ ಕುಳಿತು ಕೇಳಿದರು. ಮೊದಲ ಬಾರಿಗೆ ಅವರ ದನಿ ಮೆತ್ತಗಾಗಿತ್ತು.

ಅಜ್ಜಿ ಯೋಚಿಸಿದಳು. ಬಹಳ ಯೋಚಿಸಿದಳು. "ಐತಿ ನೋಡ್ರಿ. ಒಂಬತ್ತರಾಗ ಬಿದ್ದು ನಾವು ಕರಕೊಂಡು ಹೋಗೂ ತನಕ ಆಕಿ ಬಗ್ಗಬಾರದು. ಕೊಡ ಹೊರಬಾರದು, ಬೀಸುಕಲ್ಲು ಮುಟ್ಟಬಾರದು. ಮತ್ತ ಕೆಡವಿದ ಕೈ ಯಾವುದೈತಿ, ಆ ಕೈಲೇ ಆಕಿ ಪಾಲಿನ ಕೆಲಸ ಮಾಡಬೇಕು. ಅಂದ್ರ ಕೂಸು ತಾನಽ ನೆಟ್ಟಗ ಆಕ್ಕೈತಿ."

"ಅಷ್ಟೇ ಏನ್ರಿ? ಮಾಡ್ತೀನಿ ಬಿಡ್ರಿ. ನನ್ನ ಕೈಲೇ ಆಗೈತಿ" ಎಂದರು ಬೀಗತಿ. ಹದಿನೆಂಟು ಮನೆಯ ಹೆಂಗಸರು ಸಾಕ್ಷಿಯಾಗಿ ತಲೆಯಾಡಿಸಿದರು. ಅಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು. ಅಳುತ್ತಿದ್ದಾಳೆಂದು ಎಲ್ಲರೂ ತಿಳಿದರು. ಅವಳ ಭುಜಗಳು ಅಲುಗುವ ರೀತಿ ನನಗೆ ಚಿಕ್ಕಂದಿನಿಂದ ಗೊತ್ತು, ಅದು ಅಳುವಲ್ಲ.

ಬುತ್ತಿ ಬೀರಿದೆವು. ಮದುವೆಯಲ್ಲಿ ಬಿಟ್ಟುಹೋಗಿದ್ದ ಮನೆಗೆ ಮೊದಲ ಡಬ್ಬಿ ಹೋಯಿತು. ಹದಿನೆಂಟೂ ಮುಟ್ಟಿದವು.

ಮರಳಿ ಬರುವಾಗ ಖಾಲಿ ಟ್ರಂಕನ್ನು ಬಸ್ಸಿನ ಟಾಪಿಗೆ ಎಸೆದರು. ಅದು ಅಲ್ಲಿ ಅಂಗಾತ ಮಲಗಿತು. ಅಜ್ಜಿ ತಿರುಗಿಯೂ ನೋಡಲಿಲ್ಲ. ನಾನು, "ಅಜ್ಜೀ, ಬಾಗಿಲ ಪಕ್ಕದಲ್ಲಿಯೇ ತುಂಬಿದ ಕೊಡವಿತ್ತು. ಆದರೂ ನನ್ನನ್ನು ಬಾವಿಗೆ ಏಕೆ ಕಳುಹಿಸಿದೆ?" ಎಂದು ಕೇಳಿದೆ.

"ನೀರಡಿಕಿ ಆಗಿತ್ತು."

ಬಸ್ಸು ಒಂದು ಹಳ್ಳ ಇಳಿದು ಹತ್ತಿತು. ಅಜ್ಜಿ ಕಿಟಕಿಯ ಹೊರಗೆ ನೋಡುತ್ತ, "ನನ್ನ ಕುಬುಸದಾಗ ನಮ್ಮವ್ವಗೂ ಹಿಂಗಽ ನೀರಡಿಕಿ ಆಗಿತ್ತು" ಎಂದಳು. "ನಮ್ಮತ್ತಿ ಬುತ್ತಿ ಬುಟ್ಟಿ ಒಬ್ಬಾಕಿನೇ ಇಳಸಾಕ ಹೋಗಿ ವಾಲಿಸಿಬಿಟ್ಲು. ಆಮ್ಯಾಲೆ ನಾ ಹಡಿಯೂ ತನಕ ನನ್ನ ಕೈಗೆ ಒಂದು ಕೊಡ ಕೊಡಲಿಲ್ಲ."

ಅವ್ವ ಮುಂದಿನ ಸೀಟಿನಿಂದ ತಿರುಗಿ ಅತ್ತೆಯ ಮುಖವನ್ನು ನೋಡಿದಳು. "ನನ್ನ ಕುಬುಸದಾಗ ನೀವು ಬುಟ್ಟಿ ಮುಟ್ಟಲೇ ಇಲ್ಲಲ್ರಿ ಅತ್ತಿ!" ಎಂದಳು.

"ನನಗ ಗೊತ್ತಿತ್ತಲ್ಲ" ಎಂದಳು ಅಜ್ಜಿ.

ಎರಡು ತಿಂಗಳಾಗುವ ಹೊತ್ತಿಗೆ ಅಕ್ಕನನ್ನು ಹೆರಿಗೆಗೆ ಕರೆತರಲು ನಾನೊಬ್ಬನೇ ಇಟ್ಟಿಗಿಗೆ ಹೋದೆ. ಬಾವಿಯ ಹಾದಿಯಲ್ಲಿ ಬೀಗತಿ ಎದುರಾದರು, ತಲೆಯ ಮೇಲೊಂದು ಕೊಡ, ಬಗಲಲ್ಲೊಂದು ಕೊಡ. "ಬರ್ರಿ, ಒಳಗ ಅದಾಳ" ಎಂದರು. ಪಡಸಾಲೆಗೆ ಕಾಲಿಟ್ಟವನು ದಂಗಾಗಿ ನಿಂತೆ. ಆ ಮನೆಯ ಟ್ರಂಕುಗಳೆಲ್ಲ ಗೋಡೆಗೆ ಒರಗಿ ತುದಿಯ ಮೇಲೆ ನಿಂತಿದ್ದವು. ಜೋಳದ ಚೀಲಗಳು ನಿಂತಿದ್ದವು. ಒನಕೆ ನಿಂತಿತ್ತು, ಮೊರ ನಿಂತಿತ್ತು, ಸುತ್ತಿಟ್ಟ ಚಾಪೆ ನಿಂತಿತ್ತು, ಲಟ್ಟಣಿಗೆಯನ್ನು ಸಹ ಚೊಂಬಿನಲ್ಲಿ ನೆಟ್ಟಗೆ ನಿಲ್ಲಿಸಲಾಗಿತ್ತು. ಇಡೀ ಮನೆಯಲ್ಲಿ ಅಡ್ಡಲಾಗಿ ಇದ್ದದ್ದು ನಮ್ಮ ಅಕ್ಕ ಒಬ್ಬಳೇ. ನಡು ಮಧ್ಯಾಹ್ನದ ಹೊತ್ತಿನಲ್ಲಿ, ಮಂಚದ ಮೇಲೆ, ಕಾಲು ಚಾಚಿ ಗೊರಕೆ ಹೊಡೆಯುತ್ತ ಮಲಗಿದ್ದಳು.